ಬಂದರಿನ ಹೆಸರು, ಕಣಿವೆಯ ದ್ರಾಕ್ಷಿ: ಪೋರ್ಟ್ ವೈನಿನ ಚರಿತ್ರೆ



ಬೆಳೆ ಮತ್ತು ವ್ಯಾಪಾರದ ಚರಿತ್ರೆಯನ್ನು ಕುರಿತು ವರ್ಷಕ್ಕೊಮ್ಮೆ ಕನ್ನಡದಲ್ಲಿ ಒಂದು ಮಾತು ನಡೆಯಬೇಕೆಂಬುದು ಈ ದತ್ತಿಯ ಆಶಯ. ಅಡಿಕೆ, ಹತ್ತಿ, ಕಾಫಿಯಂಥ ಮರ್ಯಾದಸ್ಥ ಬೆಳೆಗಳನ್ನು ಬಿಟ್ಟು ವೈನನ್ನು ಆರಿಸಿಕೊಂಡದ್ದಕ್ಕೆ ಆಮಂತ್ರಣ ಪತ್ರಿಕೆ ನೋಡಿ ಹುಬ್ಬೇರಿಸಿದವರೂ ಇಲ್ಲಿ ಇರಬಹುದು. ಅವರಿಗೆ ನಾನು ಕೊಡಬಲ್ಲ ಭರವಸೆ ಇಷ್ಟು: ಈ ಉಪನ್ಯಾಸದಲ್ಲಿ ರುಚಿಯ ವರ್ಣನೆ ಕಡಿಮೆ, ಸುಂಕ, ಸರಹದ್ದು, ದೋಣಿಗಳ ಮಾತು ಹೆಚ್ಚು. ಕುಡಿಯುವವರಿಗೂ ಕುಡಿಯದವರಿಗೂ ಸಮಾನವಾಗಿ ಬೇಸರ ತರಿಸುವ ಸಾಧ್ಯತೆ ಇದೆ.

ಯುರೋಪಿನಲ್ಲಿ ಊರಿನ, ಸೀಮೆಯ ಹೆಸರು ಹೊತ್ತ ವೈನ್‌ಗಳು ನೂರಾರು. ಶಾಂಪೇನ್ ಫ್ರಾನ್ಸಿನ ಒಂದು ಪ್ರಾಂತ. ಬೋರ್ಡೊ ಒಂದು ನಗರ. ಶೆರ್ರಿ ಎಂಬುದು ಸ್ಪೇನಿನ ಹೆರೆಸ್ ಊರಿನ ಹೆಸರು ಇಂಗ್ಲಿಷರ ಬಾಯಲ್ಲಿ ತಾಳಿದ ರೂಪ. ಹಂಗೇರಿಯಲ್ಲಿ ಟೋಕಾಯ್ ಇದೆ, ಇಟಲಿಯಲ್ಲಿ ಕಿಯಾಂತಿ ಇದೆ. ಇಷ್ಟೆಲ್ಲದರಲ್ಲಿ ಇಂದು ನಾನು ಎತ್ತಿಕೊಂಡಿರುವುದು ಪೋರ್ಚುಗಲ್ಲಿನ ಪೋರ್ಟ್ ವೈನನ್ನು. ಡೋರೊ ನದಿಯ ಕಣಿವೆಯ ದ್ರಾಕ್ಷಿರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸಾರಾಯವನ್ನು ಬೆರೆಸಿ ಗಟ್ಟಿಗೊಳಿಸಿದ ಸಿಹಿ ವೈನ್ ಅದು. ಆಯ್ಕೆಗೆ ಕಾರಣ ಅದರ ಹೆಸರಿನಲ್ಲಿರುವ ಒಂದು ತೊಡಕು. ಪೋರ್ಟ್ ವೈನಿಗೆ ಹೆಸರು ಕೊಟ್ಟ ಪೋರ್ಟೊ ನಗರದ ಸುತ್ತ ಆ ವೈನಿನ ದ್ರಾಕ್ಷಿ ಬೆಳೆಯುವುದಿಲ್ಲ. ಶತಮಾನಗಳ ಕಾಲ ಅದನ್ನು ಕೂಡಿಟ್ಟ ಉಗ್ರಾಣಗಳು ಕೂಡ ಪೋರ್ಟೊದಲ್ಲಿಲ್ಲ. ನದಿಯ ಆಚೆ ದಡದ ವಿಲಾ ನೋವಾ ಡಿ ಗಾಯಾ ಎಂಬ ಬೇರೆ ಊರಿನಲ್ಲಿವೆ. ಹಾಗಾದರೆ ಆ ಹೆಸರಿಗೂ ಆ ನೆಲಕ್ಕೂ ಏನು ಸಂಬಂಧ? ಸೀಮೆಯ ಹೆಸರು ಮಣ್ಣಿನ ಗುಣದಿಂದ ತಾನಾಗಿ ಮೂಡುತ್ತದೆ ಎಂದು ನಾವು ಸಲೀಸಾಗಿ ನಂಬುತ್ತೇವೆ. ಈ ವೈನಿನ ವಿಷಯದಲ್ಲಿ ಹೆಸರು ಹುಟ್ಟಿದ್ದು ಸುಂಕದ ಕಟ್ಟೆಯಲ್ಲಿ. ನೆಲದ ಮೇಲೆ ಗೆರೆ ಬಿದ್ದದ್ದು ಆಮೇಲೆ, ಆ ಹೆಸರನ್ನು ನಿಜ ಮಾಡುವುದಕ್ಕಾಗಿ. ಇದು ನನ್ನ ವಾದ. ಇದನ್ನು ತೋರಿಸಲು ಮೊದಲು ಕಣಿವೆಗೆ ಹೋಗೋಣ, ಅಲ್ಲಿಂದ ವ್ಯಾಪಾರಕ್ಕೆ, ವ್ಯಾಪಾರದಿಂದ ಗಡಿಕಲ್ಲುಗಳಿಗೆ, ಕಡೆಯಲ್ಲಿ ಹೆಸರು ಊರು ಬಿಟ್ಟು ಹೋದ ಕಥೆಗೆ. ಆ ಕಥೆಯಲ್ಲಿ ನಮ್ಮ ಪಕ್ಕದ ಗೋವಾ ಕೂಡ ಇದೆ.

ಡೋರೊ ನದಿ ಸ್ಪೇನಿನಲ್ಲಿ ಹುಟ್ಟಿ, ಅಲ್ಲಿ ದುಯೆರೊ ಎನಿಸಿಕೊಂಡು, ಸುಮಾರು 900 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುತ್ತದೆ. ಸೇರುವ ಜಾಗದಲ್ಲಿ ಪೋರ್ಟೊ ಇದೆ. ಅಲ್ಲಿಂದ ರೈಲಿನಲ್ಲಿ ನದಿಯ ದಂಡೆ ಹಿಡಿದು ಸುಮಾರು 100 ಕಿಲೋಮೀಟರ್ ಒಳನಾಡಿಗೆ ಹೋದರೆ ಪೇಸೊ ಡ ರೆಗುವಾ ಎಂಬ ಪಟ್ಟಣ ಸಿಗುತ್ತದೆ. ವೈನಿನ ಸೀಮೆ ಅದರ ಆಸುಪಾಸಿನಿಂದ ಆರಂಭವಾಗಿ ಪೂರ್ವಕ್ಕೆ ಸ್ಪೇನಿನ ಗಡಿಯವರೆಗೆ ಹಬ್ಬಿದೆ. ನಡುವೆ 1,400 ಮೀಟರಿಗೂ ಎತ್ತರದ ಮಾರಾವ್ ಬೆಟ್ಟಸಾಲು ಅಡ್ಡ ನಿಂತು ಸಮುದ್ರದ ಮಳೆಗಾಳಿಯನ್ನು ತಡೆಯುತ್ತದೆ. ಪಶ್ಚಿಮಘಟ್ಟದ ಎರಡು ಬದಿಗಳನ್ನು ಕಂಡವರಿಗೆ ಈ ಮಳೆನೆರಳಿನ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಸೀಮೆಯ ಪಶ್ಚಿಮ ತುದಿಯಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಬಿದ್ದರೆ, ಪೂರ್ವದ ತುದಿಯಲ್ಲಿ 400ರ ಆಸುಪಾಸು. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂದು ಅಲ್ಲಿಯವರು ತಮ್ಮ ಹವೆಯನ್ನು ತಾವೇ ಬೈದುಕೊಳ್ಳುತ್ತಾರೆ.

ನೆಲವೋ, ನೆಲವೆನ್ನುವಂತೆಯೇ ಇಲ್ಲ. ಇಡೀ ಕಣಿವೆ ಪದರುಪದರಾಗಿ ಸೀಳುವ ಶಿಸ್ಟ್ ಎಂಬ ಕಲ್ಲಿನದು. ಆ ಕಲ್ಲನ್ನು ಹಾರೆಯಿಂದ ಒಡೆದು, ಪುಡಿಯಾದದ್ದನ್ನು ಮಣ್ಣೆಂದು ಕರೆದು, ಒಡೆಯದೆ ಉಳಿದ ಚಪ್ಪಡಿಗಳನ್ನು ಗಾರೆಯಿಲ್ಲದೆ ಪೇರಿಸಿ ಗೋಡೆ ಕಟ್ಟಿ, ಹಿಂದೆ ಪುಡಿ ತುಂಬಿ, ಒಂದು ಅಥವಾ ಎರಡು ಸಾಲು ಬಳ್ಳಿ ನೆಡುವಷ್ಟು ಮೆಟ್ಟಿಲು ಮಾಡಬೇಕು. ಆಮೇಲೆ ಅದರ ಮೇಲೊಂದು ಮೆಟ್ಟಿಲು. ಹೀಗೆ ನದಿಯ ಅಂಚಿನಿಂದ ಬೆಟ್ಟದ ನೆತ್ತಿಯವರೆಗೆ. ಈ ಕೆಲಸದ ದೊಡ್ಡ ಪಾಲನ್ನು ಮಾಡಿದವರು ಉತ್ತರದ ಗಲೀಸಿಯಾದಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಪದರಗಳು ಲಂಬವಾಗಿ ನಿಂತಿರುವುದರಿಂದ ಬಳ್ಳಿಯ ಬೇರು ಸಂದುಗಳಲ್ಲಿ ಇಳಿದು ಆಳದ ತೇವ ಹುಡುಕುತ್ತದೆ; ಹಗಲು ಕಾದ ಕಲ್ಲು ರಾತ್ರಿ ಕಾವು ಬಿಡುತ್ತದೆ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬಣ್ಣ ಕಡು, ಸಕ್ಕರೆ ಹೆಚ್ಚು. ಟೂರೀಗಾ ನಾಸಿಯೊನಾಲ್, ಟೂರೀಗಾ ಫ್ರಾಂಕಾ, ಟಿಂಟಾ ರೊರೀಜ್ ಮುಂತಾದ ತಳಿಗಳನ್ನು ಹಳೆಯ ತೋಟಗಳಲ್ಲಿ ಬೇರ್ಪಡಿಸದೆ ಬೆರಕೆಯಾಗಿ ನೆಡುತ್ತಿದ್ದರು. 2001ರಲ್ಲಿ ಯುನೆಸ್ಕೊ ಈ ಕಣಿವೆಯ ಒಂದು ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದನ್ನು ನಿಸರ್ಗದ ತಾಣವೆಂದು ಕರೆಯಲಿಲ್ಲ, ಸಾಂಸ್ಕೃತಿಕ ಭೂದೃಶ್ಯ ಎಂದು ಕರೆಯಿತು. ಸರಿಯಾದ ತೀರ್ಮಾನ. ಅಲ್ಲಿ ನಿಸರ್ಗ ಕೊಟ್ಟದ್ದು ಬಿಸಿಲು, ಬಂಡೆ ಮತ್ತು ಇಳಿಜಾರು ಮಾತ್ರ.

ಈ ದುರ್ಗಮ ಜಾಗದ ರಸ ಸಮುದ್ರ ಮುಟ್ಟಲು ಇದ್ದ ಏಕೈಕ ಹೆದ್ದಾರಿ ನದಿಯೇ. ರಬೇಲೊ ಎಂಬ ದೋಣಿಗಳು ಚಪ್ಪಟೆ ತಳದವು, ಚೌಕ ಪಟದವು. ಹಿಂದೆ ಇಡೀ ದೋಣಿಯ ಉದ್ದಕ್ಕೆ ಸರಿಗಟ್ಟುವ ಚುಕ್ಕಾಣಿ ಹುಟ್ಟು. ಅದನ್ನು ಹಿಡಿದವನು ಪೀಪಾಯಿಗಳ ಮೇಲಿಂದ ಮುಂದಿನ ಸುಳಿ ಕಾಣಬೇಕಾದ್ದರಿಂದ ಎತ್ತರದ ಅಟ್ಟಣಿಗೆಯ ಮೇಲೆ ನಿಲ್ಲುತ್ತಿದ್ದ. ಇಂದು ಅಣೆಕಟ್ಟುಗಳ ಹಿಂದೆ ಕೆರೆಯಂತೆ ನಿಂತಿರುವ ಡೋರೊವನ್ನು ನೋಡಿದವರು ಆ ನದಿ ಮನುಷ್ಯರನ್ನು ನುಂಗುತ್ತಿತ್ತು ಎಂದರೆ ನಂಬಲಾರರು. ಈ ಮಾತಿಗೆ ಮತ್ತೆ ಬರುತ್ತೇನೆ. ಸದ್ಯಕ್ಕೆ ಪೀಪಾಯಿಗಳು ನದಿಯ ಬಾಯಿ ತಲುಪಿದವು ಎಂದಿಟ್ಟುಕೊಳ್ಳಿ. ಅಲ್ಲಿ ರೋಮನ್ನರ ಕಾಲದಿಂದ ಪೋರ್ಟುಸ್ ಕಾಲೆ ಎಂಬ ಬಂದರು ಇತ್ತು. ಆ ಹೆಸರಿನಿಂದಲೇ ಮುಂದೆ ಪೋರ್ಚುಗಲ್ ಎಂಬ ದೇಶದ ಹೆಸರು ಬಂತು, ಅದರ ಮೊದಲರ್ಧದಿಂದ ಊರಿನ ಹೆಸರು, ಊರಿನಿಂದ ವೈನಿನ ಹೆಸರು. ಒಂದೇ ಧಕ್ಕೆಯಿಂದ ಒಂದು ದೇಶವೂ ಒಂದು ಪಾನೀಯವೂ ಹೆಸರು ಪಡೆದ ಉದಾಹರಣೆ ಇನ್ನೊಂದು ನನಗೆ ತಿಳಿದಿಲ್ಲ.

ನಮ್ಮವರಿಗೆ ಇದು ಅಪರಿಚಿತ ರೀತಿಯೇನಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಯಿರಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಊರುಗಳ ಹೊಲದಲ್ಲಿ ಬೆಳೆದ ಕಾಯಿ ಬ್ಯಾಡಗಿಯ ಮಾರುಕಟ್ಟೆಗೆ ಬಂದು ಆ ಪೇಟೆಯ ಹೆಸರಿನಲ್ಲಿ ಲೋಕಕ್ಕೆ ಹೋಗುತ್ತದೆ. ಕೊಳ್ಳುವವನಿಗೆ ಹೊಲ ಕಾಣುವುದಿಲ್ಲ, ಪೇಟೆ ಕಾಣುತ್ತದೆ; ಅವನು ಕಂಡದ್ದನ್ನೇ ಕರೆಯುತ್ತಾನೆ.

ಪೋರ್ಟೊದಲ್ಲಿ ಕೊಳ್ಳುವವನು ಇಂಗ್ಲಿಷರವನು. ಹಾಗಾಗಿ ಈಗ ನಾವು ಕಣಿವೆ ಬಿಟ್ಟು ವ್ಯಾಪಾರಕ್ಕೆ ಹೊರಳೋಣ.

ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ಇರುವ ಸ್ನೇಹ ಬಹಳ ಹಳೆಯದು. 1386ರ ವಿಂಡ್ಸರ್ ಒಪ್ಪಂದದಷ್ಟು ಹಿಂದಿನದು. ಆದರೆ ಇಂಗ್ಲಿಷರ ನಾಲಿಗೆಗೆ ಒಗ್ಗಿದ್ದು ಫ್ರಾನ್ಸಿನ ವೈನ್. 17ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸಿನ ವೈರ ಸುಂಕದ ಸಮರವಾಗಿ ಬೆಳೆಯಿತು. 1678ರಲ್ಲಿ ಇಂಗ್ಲೆಂಡ್ ಫ್ರೆಂಚ್ ಸರಕುಗಳ ಆಮದನ್ನೇ ನಿಷೇಧಿಸಿತು. ಬಾಯಾರಿದ ದೇಶ ಬೇರೆ ಬಾಗಿಲು ಹುಡುಕಬೇಕಾಯಿತು. ಪೋರ್ಚುಗಲ್ಲಿನ ಉತ್ತರ ಕರಾವಳಿಯ ವಿಯಾನಾದಲ್ಲಿ ಉಪ್ಪುಮೀನು ಮತ್ತು ಉಣ್ಣೆಬಟ್ಟೆ ಮಾರುತ್ತಿದ್ದ ಇಂಗ್ಲಿಷ್ ವರ್ತಕರು ಮೊದಲು ಅಲ್ಲಿನ ಮಿನ್ಯೊ ಪ್ರದೇಶದ ತೆಳು ವೈನನ್ನು ಕಳಿಸಿ ನೋಡಿದರು. ಅದು ಇಂಗ್ಲೆಂಡಿನ ಚಳಿಗೆ ಸಾಲಲಿಲ್ಲ. ಗಟ್ಟಿಯಾದದ್ದನ್ನು ಅರಸುತ್ತ ಡೋರೊ ಕಣಿವೆ ಹತ್ತಿದರು. ಲಿವರ್‌ಪೂಲಿನ ವರ್ತಕನೊಬ್ಬನ ಮಕ್ಕಳು 1678ರಲ್ಲಿ ಲಮೇಗೊ ಊರಿನ ಮಠವೊಂದಕ್ಕೆ ಹೋದರೆಂದೂ, ಅಲ್ಲಿನ ಮಠಾಧಿಪತಿ ವೈನಿಗೆ ಬ್ರಾಂಡಿ ಬೆರೆಸಿ ಸಿಹಿ ಉಳಿಸಿಕೊಳ್ಳುತ್ತಿದ್ದುದನ್ನು ಕಂಡರೆಂದೂ ಒಂದು ಕಥೆ ವೈನ್ ಪುಸ್ತಕಗಳಲ್ಲೆಲ್ಲ ತಿರುಗುತ್ತದೆ. ಸ್ಥಳಪುರಾಣವೆಂದು ಕೇಳಿದರೆ ಸೊಗಸು. ಚರಿತ್ರೆ ಎನ್ನಲು ಆಧಾರ ಸಾಲದು. ಸಾಗಾಣಿಕೆಯಲ್ಲಿ ಕೆಡದಿರಲೆಂದು ಪೀಪಾಯಿಗೆ ಒಂದಿಷ್ಟು ಬ್ರಾಂಡಿ ಸುರಿಯುವುದು ಆ ಕಾಲದ ಸಾಮಾನ್ಯ ರೂಢಿ.

1703ರ ಡಿಸೆಂಬರಿನಲ್ಲಿ ಜಾನ್ ಮೆಥ್ಯುಎನ್ ಎಂಬ ರಾಯಭಾರಿ ಲಿಸ್ಬನ್ನಿನಲ್ಲಿ ಕುದುರಿಸಿದ ಒಪ್ಪಂದ ತೀರ ಚಿಕ್ಕದು. ಇಂಗ್ಲಿಷ್ ಉಣ್ಣೆಬಟ್ಟೆಯನ್ನು ಪೋರ್ಚುಗಲ್ ಒಳಗೆ ಬಿಟ್ಟುಕೊಳ್ಳಬೇಕು. ಪ್ರತಿಯಾಗಿ ಪೋರ್ಚುಗೀಸ್ ವೈನಿನ ಮೇಲಿನ ಸುಂಕ ಫ್ರೆಂಚ್ ವೈನಿನ ಸುಂಕಕ್ಕಿಂತ ಮೂರನೆಯ ಒಂದು ಭಾಗ ಕಡಿಮೆ ಇರಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬೇರೆ ವೇಷದಲ್ಲಿ ಓದಿದ್ದೀರಿ. ಡೇವಿಡ್ ರಿಕಾರ್ಡೊ 1817ರಲ್ಲಿ ತುಲನಾತ್ಮಕ ಅನುಕೂಲದ ತತ್ವವನ್ನು ವಿವರಿಸಲು ಕೊಟ್ಟ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ವೈನ್. ಇಂಗ್ಲೆಂಡಿನಲ್ಲಿ ಬಟ್ಟೆಗೆ 100 ಜನರ ಒಂದು ವರ್ಷದ ದುಡಿಮೆ, ವೈನಿಗೆ 120; ಪೋರ್ಚುಗಲ್ಲಿನಲ್ಲಿ ವೈನಿಗೆ 80, ಬಟ್ಟೆಗೆ 90. ಎರಡನ್ನೂ ಅಗ್ಗವಾಗಿ ಮಾಡಬಲ್ಲ ಪೋರ್ಚುಗಲ್ ಕೂಡ ವೈನಿಗೆ ಮಾತ್ರ ಕೈಹಾಕಿದರೆ ಇಬ್ಬರಿಗೂ ಲಾಭ ಎಂಬುದು ವಾದ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದ ನಾವು ಯಾರೂ ಆ ವೈನ್ ಯಾವುದು, ಅದಕ್ಕೆ ಆ ಬೆಲೆ ಬಂದದ್ದು ಹೇಗೆ ಎಂದು ಕೇಳಿಕೊಳ್ಳಲಿಲ್ಲ. ರಿಕಾರ್ಡೊನ ಕೋಷ್ಟಕದಲ್ಲಿ ಸುಂಕವೂ ಇಲ್ಲ, ಯುದ್ಧವೂ ಇಲ್ಲ. ಅವೆರಡೂ ಇಲ್ಲದಿದ್ದರೆ ಇಂಗ್ಲಿಷರು ಬೋರ್ಡೊ ಬಿಟ್ಟು ಡೋರೊ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಈ ಹೊತ್ತಿಗೆ ವ್ಯಾಪಾರ ಪೋರ್ಟೊಗೆ ಸರಿದಿತ್ತು. ಅಲ್ಲಿಂದ ಹಡಗೇರಿದ್ದೆಲ್ಲ ಪೋರ್ಟೊ ವೈನ್. ಲಂಡನ್ನಿನ ಸುಂಕದ ಗುಮಾಸ್ತನ ಪುಸ್ತಕಕ್ಕೆ ಬೇಕಾದದ್ದು ಹಡಗು ಬಿಟ್ಟ ಬಂದರು. ದ್ರಾಕ್ಷಿ ಯಾವ ಇಳಿಜಾರಿನದು ಎಂಬ ವಿವರ ಅವನಿಗೆ ಬೇಡ. ಹೆಸರಿನ ಮೂಲ ಇಷ್ಟೇ. ಆದರೆ ಇಷ್ಟೇ ಆದ ಹೆಸರಿಗೆ ಒಂದು ಅಪಾಯ ಇರುತ್ತದೆ. ಬಂದರಿನ ಹೆಸರು ಯಾರದ್ದಾದರೂ ಆಗಬಹುದು. ಎಲ್ಲಿಂದಲೋ ತಂದ ರಸವೂ ಅಲ್ಲಿ ಹಡಗೇರಿದರೆ ಪೋರ್ಟ್ ಆಗಿಬಿಡುತ್ತದೆ. ಆದದ್ದೂ ಹಾಗೆಯೇ. ಬೇಡಿಕೆ ಏರಿದಂತೆ ತೆಳು ವೈನಿಗೆ ಕಡು ಬಣ್ಣ ಬರಲೆಂದು ಎಲ್ಡರ್ ಎಂಬ ಪೊದೆಯ ಕಪ್ಪು ಹಣ್ಣಿನ ರಸ ಬೆರೆಸಿದರು, ಸಕ್ಕರೆ ಸೇರಿಸಿದರು, ಬೇರೆ ಸೀಮೆಗಳ ವೈನ್ ಸುರಿದರು. 1750ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪೋರ್ಟಿನ ಮರ್ಯಾದೆ ಹೋಯಿತು, ಬೆಲೆ ಕುಸಿಯಿತು. ಪೋರ್ಟೊದ ಇಂಗ್ಲಿಷ್ ವರ್ತಕರು ಬೆಳೆಗಾರರೇ ಮೋಸಗಾರರು ಎಂದರು. ನೀವು ಕೇಳಿದ ಬಣ್ಣವನ್ನೇ ಕೊಟ್ಟೆವು ಎಂದು ಬೆಳೆಗಾರರ ಕಡೆಯವರು ತಿರುಗಿ ಹೇಳಿದರು. ಇಬ್ಬರದೂ ಅರ್ಧ ಸತ್ಯ ಎಂದು ನನ್ನ ಎಣಿಕೆ. ಆದರೆ ಕುಸಿದ ಬೆಲೆಯ ಭಾರ ಬಿದ್ದದ್ದು ಒಬ್ಬರ ಮೇಲೆ ಮಾತ್ರ. ಅವರು ಬೆಟ್ಟದ ಮೇಲಿದ್ದವರು.

ಇಲ್ಲಿಂದ ನನ್ನ ಮೂರನೆಯ ವಿಷಯ, ಗಡಿಕಲ್ಲು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

1755ರ ನವೆಂಬರ್ 1ರಂದು ಲಿಸ್ಬನ್ ನಗರವನ್ನು ಭೂಕಂಪ ನೆಲಸಮ ಮಾಡಿತು. ಆ ಅವಶೇಷಗಳ ಮೇಲೆ ನಗರವನ್ನೂ ತನ್ನ ಅಧಿಕಾರವನ್ನೂ ಒಟ್ಟಿಗೆ ಕಟ್ಟಿದ ಮಂತ್ರಿ ಸೆಬಾಸ್ಟಿಯಾವ್ ಜೊಸೆ ಡಿ ಕರ್ವಾಲ್ಯೊ. ಮುಂದೆ ಸಿಕ್ಕ ಬಿರುದಿನಿಂದ ಚರಿತ್ರೆಗೆ ಅವನು ಪೊಂಬಾಲ್. ಲಂಡನ್ನಿನಲ್ಲಿ ಕೆಲವು ಕಾಲ ರಾಯಭಾರಿಯಾಗಿದ್ದು, ಇಂಗ್ಲಿಷರ ವ್ಯಾಪಾರದ ಬಲವನ್ನು ಹತ್ತಿರದಿಂದ ನೋಡಿ, ಮೆಚ್ಚಿ, ಅಷ್ಟೇ ಅಸಹನೆಯಿಂದ ಮರಳಿದ್ದವನು. 1756ರ ಸೆಪ್ಟೆಂಬರ್ 10ರಂದು ರಾಜಶಾಸನದ ಮೂಲಕ ಆಲ್ಟೊ ಡೋರೊ ದ್ರಾಕ್ಷಿ ಕೃಷಿಯ ಒಂದು ಮಹಾ ಕಂಪನಿಯನ್ನು ಅವನು ಹುಟ್ಟುಹಾಕಿದ. ಬೆಲೆ ಕಟ್ಟುವ, ಗುಣ ಪರೀಕ್ಷಿಸುವ, ರಫ್ತಿಗೆ ಯೋಗ್ಯವೆಂದು ಮುದ್ರೆ ಹಾಕುವ ಅಧಿಕಾರ ಅದಕ್ಕೆ. ಎಲ್ಡರ್ ಪೊದೆಗಳನ್ನು ಕಿತ್ತುಹಾಕಲು ಆಜ್ಞೆಯಾಯಿತು. ಬೆರಸುವುದನ್ನು ನಿಲ್ಲಿಸಲು ಬೆರಕೆಯ ಗಿಡವನ್ನೇ ಇಲ್ಲವಾಗಿಸುವುದು ಪೊಂಬಾಲನ ಸ್ವಭಾವಕ್ಕೆ ಒಪ್ಪುವ ಮಾತು. ಎಲ್ಲಕ್ಕಿಂತ ಮುಖ್ಯವಾಗಿ ರಫ್ತಿನ ವೈನ್ ಬೆಳೆಯಬಹುದಾದ ನೆಲ ಇಷ್ಟೇ ಎಂದು ಗೆರೆ ಎಳೆದು, 1758ರಿಂದ 1761ರ ನಡುವೆ 335 ಗ್ರಾನೈಟ್ ಕಂಬಗಳನ್ನು ನೆಟ್ಟರು. ಶಿಸ್ಟಿನ ನಾಡಿನಲ್ಲಿ ಆಳೆತ್ತರದ ಗ್ರಾನೈಟ್ ಕಂಬ ದೂರದಿಂದಲೇ ಪರಕೀಯವಾಗಿ ಕಾಣುತ್ತದೆ. ಅದರ ಮೇಲೆ ಫೈಟೊರಿಯಾ ಎಂಬ ಕೆತ್ತನೆ, ಎಂದರೆ ವರ್ತಕರ ಕೋಠಿಗೆ ಸಲ್ಲುವ ಉತ್ತಮ ದರ್ಜೆಯ ನೆಲ. ಕೆಲವು ಕಂಬಗಳು ಇಂದಿಗೂ ತೋಟಗಳ ನಡುವೆ, ಮನೆಗಳ ಗೋಡೆಗಳಲ್ಲಿ ಉಳಿದಿವೆ.

ವೈನಿಗೆ ಸೀಮೆ ಗೊತ್ತುಪಡಿಸಿದ್ದು ಜಗತ್ತಿನಲ್ಲಿ ಇದೇ ಮೊದಲು ಎಂದು ಪೋರ್ಚುಗೀಸರು ಹೇಳಿಕೊಳ್ಳುವುದುಂಟು. ಅದು ಪೂರ್ತಿ ಸರಿಯಲ್ಲ. 1716ರಲ್ಲಿ ಟಸ್ಕನಿಯ ದೊರೆ ಕಿಯಾಂತಿಯ ಎಲ್ಲೆ ಹೇಳಿದ್ದ. 1737ರಲ್ಲಿ ಟೋಕಾಯ್ ಸೀಮೆಗೂ ರಾಜಶಾಸನ ಆಗಿತ್ತು. ಡೋರೊದ ಹೊಸತನ ಇನ್ನೊಂದೆಡೆ ಇದೆ. ಗೆರೆಯ ಜೊತೆಗೆ ಬೆಲೆ, ತಪಾಸಣೆ, ಶಿಕ್ಷೆ ಮೂರನ್ನೂ ಒಂದೇ ಸಂಸ್ಥೆಯ ಕೈಗೆ ಕೊಟ್ಟದ್ದು ಅಲ್ಲೇ ಮೊದಲು ಕಾಣುತ್ತದೆ. ಇಂದು ಭೌಗೋಳಿಕ ಸೂಚಕ ಎಂದು ಕಾನೂನು ಕರೆಯುವ ವ್ಯವಸ್ಥೆಯ ಅಂಗಾಂಗಗಳೆಲ್ಲ 18ನೇ ಶತಮಾನದ ಆ ಕಂಪನಿಯಲ್ಲಿ ಆಗಲೇ ಬಲಿತಿದ್ದವು.

ಗೆರೆ ಎಳೆದಾಗ ಒಳಗಾದವರು ಗೆದ್ದರು, ಹೊರಗಾದವರು ಸೋತರು. ಪಕ್ಕದ ಇಳಿಜಾರಿನ ಅದೇ ಕಲ್ಲಿನ ತೋಟ, ಕಂಬದ ಆಚೆ ಬಿದ್ದರೆ ಅಗ್ಗದ ಸ್ಥಳೀಯ ವೈನಿಗೆ ಮಾತ್ರ. ಪೋರ್ಟೊ ಪೇಟೆಯ ಹೆಂಡದಂಗಡಿಗಳಿಗೆ ವೈನ್ ಒದಗಿಸುವ ಏಕಸ್ವಾಮ್ಯವೂ ಕಂಪನಿಗೇ ಹೋಯಿತು. ಅಂಗಡಿಗಳ ಸಂಖ್ಯೆಗೆ ಕತ್ತರಿ ಬಿತ್ತು. 1757ರ ಫೆಬ್ರವರಿಯಲ್ಲಿ ಪೋರ್ಟೊದ ಜನ ದಂಗೆ ಎದ್ದರು. ಕುಡುಕರ ದಂಗೆ ಎಂದು ಅದಕ್ಕೆ ಹೆಸರಿಟ್ಟು ಹಗುರ ಮಾಡಿದ್ದಾರೆ; ಪೊಂಬಾಲ್ ಅದನ್ನು ರಾಜದ್ರೋಹವೆಂದು ವಿಚಾರಿಸಿ ಹೆಂಗಸರೂ ಸೇರಿ ಹಲವರನ್ನು ಗಲ್ಲಿಗೇರಿಸಿದ. ಗುಣಮಟ್ಟ ಕಾಯುವ ಕಾನೂನಿಗಾಗಿ ಜನರ ಕೊರಳಿಗೆ ನೇಣು ಬಿದ್ದದ್ದನ್ನು ವೈನ್ ಕಂಪನಿಗಳ ಕರಪತ್ರಗಳು ಹೇಳುವುದಿಲ್ಲ. ಆ ಗೆರೆ ಬೆಳೆಗಾರನಿಗೆ ನೆರವಾಗಲಿಲ್ಲವೆಂದು ಇದರಿಂದ ಹೇಳಲಾಗದು. ಬೆಲೆ ಚೇತರಿಸಿತು, ರಫ್ತು ಏರಿತು. ಆದರೆ ಹೆಚ್ಚು ನೆರವಾದದ್ದು ದೊಡ್ಡ ಹಿಡುವಳಿಯವರಿಗೆ ಎನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ.

ನೆಲ ನಿಗದಿಯಾಯಿತು. ಆದರೆ ಆ ನೆಲದ ವೈನ್ ಹೇಗಿರಬೇಕು? ಇದು ಇನ್ನೂ ನೂರು ವರ್ಷ ಇತ್ಯರ್ಥವಾಗಲಿಲ್ಲ. ಪೊಂಬಾಲನ ಕಾಲದ ಪೋರ್ಟ್ ಬಹುಪಾಲು ಒಣ, ಎಂದರೆ ಸಿಹಿಯಿಲ್ಲದ ವೈನ್. ಬ್ರಾಂಡಿ ಹಾಕಿದರೂ ಸ್ವಲ್ಪ, ಹಡಗೇರಿಸುವ ಮುಂಚೆ. 1820ರಲ್ಲಿ ಹವೆ ಕೂಡಿಬಂದು ಹಣ್ಣು ಅತಿಯಾಗಿ ಮಾಗಿ, ವೈನ್ ಸಹಜವಾಗಿಯೇ ಸಿಹಿಯೂ ಗಾಢವೂ ಆಗಿತ್ತು. ಗಿರಾಕಿ ಮುಂದಿನ ವರ್ಷವೂ ಅದನ್ನೇ ಕೇಳಿದ. ಆ ರುಚಿಯನ್ನು ವರ್ಷವರ್ಷವೂ ಕೊಡುವ ಉಪಾಯವೆಂದರೆ ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸುವುದು. ಇಂದಿನ ಕ್ರಮ ಅದೇ. ದ್ರಾಕ್ಷಿಯನ್ನು ಲಗಾರ್ ಎಂಬ ಕಲ್ಲಿನ ತೊಟ್ಟಿಯಲ್ಲಿ ತುಳಿಯುತ್ತಾರೆ. ಮೊದಲು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ, ಲೆಕ್ಕ ಹಾಕಿ ಹೆಜ್ಜೆ. ಆಮೇಲೆ ಸಾಲು ಬಿಟ್ಟು ಹಾಡು ಕುಣಿತ. ಸಕ್ಕರೆಯ ಅರ್ಧದಷ್ಟು ಆಲ್ಕೋಹಾಲ್ ಆಗಿ ತಿರುಗುವ ಹೊತ್ತಿಗೆ ರಸವನ್ನು ಬಸಿದು, ನಾಲ್ಕು ಪಾಲಿಗೆ ಒಂದು ಪಾಲಿನಂತೆ 77 ಶೇಕಡಾ ಬಲದ ದ್ರಾಕ್ಷಿ ಸಾರಾಯವನ್ನು ಸುರಿಯುತ್ತಾರೆ. ಹುದುಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಉಳಿದ ಸಕ್ಕರೆ ಉಳಿಯುತ್ತದೆ, ವೈನಿನ ಬಲ ಸುಮಾರು 20 ಶೇಕಡಾಕ್ಕೆ ನಿಲ್ಲುತ್ತದೆ.

ಇದನ್ನು ವಿರೋಧಿಸಿದವನು ಒಬ್ಬ ಇಂಗ್ಲಿಷ್ ವರ್ತಕನೇ ಎಂಬುದು ಸ್ವಾರಸ್ಯ. ಜೋಸೆಫ್ ಜೇಮ್ಸ್ ಫಾರೆಸ್ಟರ್ 1831ರಲ್ಲಿ ಪೋರ್ಟೊಗೆ ಬಂದು ನೆಲಸಿದವನು. ಡೋರೊ ನದಿಯ ಒಂದೊಂದು ಸುಳಿಯನ್ನೂ ಗುರುತಿಸಿ ಭೂಪಟ ಬರೆದ. 1844ರಲ್ಲಿ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ, ಬ್ರಾಂಡಿಯಿಲ್ಲದ ಶುದ್ಧ ವೈನೇ ನಿಜವಾದ ಪೋರ್ಟ್ ಎಂದು ವಾದಿಸಿದ. ಸಹವರ್ತಕರ ಕೋಪಕ್ಕೆ ಗುರಿಯಾದ, ವಾದದಲ್ಲಿ ಸೋತ. 1861ರ ಮೇ ತಿಂಗಳಲ್ಲಿ, ತಾನೇ ಭೂಪಟದಲ್ಲಿ ಗುರುತಿಸಿದ್ದ ವಲೇರಾ ಜಲಪಾತದ ಬಳಿ ಅವನಿದ್ದ ದೋಣಿ ಮಗುಚಿತು. ಸೊಂಟದ ಪಟ್ಟಿಯಲ್ಲಿದ್ದ ಹಣದ ಭಾರ ಅವನನ್ನು ಮುಳುಗಿಸಿತು ಎಂದೂ, ಜೊತೆಗಿದ್ದ ತೋಟದೊಡತಿ ಡೋನಾ ಆಂಟೋನಿಯಾ ಫೆರೇರಾ ತನ್ನ ಅಗಲವಾದ ಲಂಗ ಉಬ್ಬಿ ತೇಲಿಸಿದ್ದರಿಂದ ಬದುಕಿದಳೆಂದೂ ಜನ ಹೇಳುತ್ತಾರೆ. ಅವನ ಶವ ಸಿಗಲಿಲ್ಲ. ಆಂಟೋನಿಯಾ 1896ರವರೆಗೆ ಬದುಕಿದಳು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು 1860ರ ದಶಕದಿಂದ ಕಣಿವೆಯ ಬಳ್ಳಿಗಳನ್ನು ಒಣಗಿಸುತ್ತ ಹೋದಾಗ ಹೊಸ ತೋಟ ಹಾಕಿ ಕೆಲಸ ಕೊಟ್ಟವಳೆಂದು ಕಣಿವೆ ಅವಳನ್ನು ಇಂದಿಗೂ ಫೆರೇರಿನ್ಯಾ ಎಂದು ಮುದ್ದಿನಿಂದ ಕರೆಯುತ್ತದೆ. ಅಮೆರಿಕನ್ ಬೇರಿನ ಮೇಲೆ ಡೋರೊ ಬಳ್ಳಿಯನ್ನು ಕಸಿ ಕಟ್ಟಿಯೇ ತೋಟಗಳು ಮರಳಿ ಬಂದದ್ದು. ಆಗ ಹಾಳುಬಿಟ್ಟ ಎಷ್ಟೋ ಮೆಟ್ಟಿಲುಗಳಲ್ಲಿ ಪೊದೆ ಬೆಳೆದಿದೆ. ಅವನ್ನು ಮೊರ್ಟೋರಿಯೊ ಎನ್ನುತ್ತಾರೆ.

ಈಗ ನಾಲ್ಕನೆಯ ಮತ್ತು ಕಡೆಯ ಭಾಗಕ್ಕೆ ಬರುತ್ತೇನೆ. ಹೆಸರಿಗೆ ಬೆಲೆ ಬಂದ ಮೇಲೆ ಅದು ಊರು ಬಿಟ್ಟು ಹೋಗುತ್ತದೆ. ಇಂಗ್ಲಿಷರು ಎಲ್ಲೆಲ್ಲಿ ನೆಲೆಸಿದರೋ ಅಲ್ಲೆಲ್ಲ, ಆಸ್ಟ್ರೇಲಿಯಾದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಸಿಹಿಯಾದ ಗಟ್ಟಿ ಕೆಂಪು ವೈನಿಗೆಲ್ಲ ಪೋರ್ಟ್ ಎಂದೇ ಹೆಸರಾಯಿತು. ಪೋರ್ಚುಗಲ್ 1907ರಲ್ಲಿ ಸೀಮೆಯ ಎಲ್ಲೆಯನ್ನು ಮತ್ತೆ ಕಾನೂನಿಗೆ ತಂದಿತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟನ್ನಿನೊಂದಿಗೆ ಒಪ್ಪಂದವಾಗಿ, ಆ ದೇಶದಲ್ಲಿ ಪೋರ್ಟ್ ಎಂದರೆ ಪೋರ್ಚುಗಲ್ಲಿನದೇ ಆಗಬೇಕೆಂದಾಯಿತು. ಉಳಿದ ಕಡೆ ಜಗ್ಗಾಟ ಈಚಿನವರೆಗೂ ನಡೆಯಿತು. ಯುರೋಪಿನ ಒತ್ತಾಯದಿಂದ ಆಸ್ಟ್ರೇಲಿಯಾ ಆ ಹೆಸರನ್ನು ಬಿಡಲು 2008ರಲ್ಲಿ ಸಹಿ ಹಾಕಿತು. ದಕ್ಷಿಣ ಆಫ್ರಿಕಾದವರು ಕೇಪ್ ರೂಬಿ, ಕೇಪ್ ಟಾನಿ ಎಂದು ಬದಲಿಸಿಕೊಂಡರು. ಅಮೆರಿಕದಲ್ಲಿ 2006ರ ಒಪ್ಪಂದದ ಪ್ರಕಾರ ಮೊದಲಿನಿಂದ ಬಳಸುತ್ತಿದ್ದವರು ಇಂದೂ ಬಳಸಬಹುದು.

ಇನ್ನು ಗೋವಾ. ಕಾರವಾರ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ಹೋಗಿಬಂದವರ ಚೀಲದಲ್ಲಿ ಗೇರುಬೀಜದ ಜೊತೆಗೆ ಒಂದು ಪೋರ್ಟ್ ವೈನ್ ಸೀಸೆ ಇರುವುದು ಗುಟ್ಟೇನಲ್ಲ. ನಮ್ಮ ಅನೇಕ ಮನೆಗಳಲ್ಲಿ ವೈನ್ ಎಂದರೆ ಪೋರ್ಟ್ ವೈನೇ. ಬಾಣಂತಿಗೆ ಒಳ್ಳೆಯದು, ರಕ್ತ ಹೆಚ್ಚಾಗುತ್ತದೆ ಎಂಬ ನಂಬಿಕೆಯ ಆಶ್ರಯವೂ ಅದಕ್ಕೆ ಉಂಟು. ಅದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ ಎಂದು ಈ ಸಭೆಯಲ್ಲಿ ಹೇಳಿಬಿಡುವುದು ನನ್ನ ಕರ್ತವ್ಯ. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಆ ಹೆಸರು ಅಲ್ಲಿ ಮನೆಮಾತು. ಆದರೆ ಗೋವಾದ ಮಳೆಗೆ ವೈನಿನ ದ್ರಾಕ್ಷಿ ಒಗ್ಗುವುದಿಲ್ಲ. ಹಣ್ಣು ಘಟ್ಟದ ಮೇಲಿನ ಒಣಸೀಮೆಯಿಂದಲೇ ಬರಬೇಕು. ಇಂಥ ಸಿಹಿ ವೈನಿಗೆ ಭಾರತದಲ್ಲಿ ಬಹಳ ಬಳಕೆಯಾದ ಹಣ್ಣು ನಮ್ಮ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಕಸ್ತೂರಿಯಂಥ ತೀಕ್ಷ್ಣ ಪರಿಮಳದ ಈ ತಳಿ ಮೂಲತಃ ಅಮೆರಿಕದ ಲಬ್ರುಸ್ಕಾ ಕುಲದ್ದು. ಡೋರೊವನ್ನು ಹಾಳುಗೆಡವಿದ ಹೇನು ಬಂದದ್ದೂ ಅಮೆರಿಕದಿಂದ, ಉಳಿಸಿದ ಬೇರು ಬಂದದ್ದೂ ಅಲ್ಲಿಂದ, ಡೋರೊದ ಹೆಸರಿನ ನೆರಳಿನಲ್ಲಿ ನಮ್ಮಲ್ಲಿ ಮಾರಾಟವಾದ ಸೀಸೆಯ ಹಣ್ಣಿನ ಪೂರ್ವಿಕರೂ ಅಲ್ಲಿಯವರೇ.

ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ಸಿಕ್ಕಿತು. ಅದಕ್ಕೆ ಆಧಾರವಾದ 1999ರ ಕಾನೂನು ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದಿಂದ ಬಂದದ್ದು. ಆ ಒಪ್ಪಂದದಲ್ಲಿ ವೈನ್ ಮತ್ತು ಮದ್ಯಗಳ ಹೆಸರಿಗೆ ಬೇರೆಲ್ಲ ಸರಕುಗಳಿಗಿಂತ ಬಿಗಿಯಾದ ರಕ್ಷಣೆಯನ್ನು 23ನೇ ವಿಧಿ ಕೊಡುತ್ತದೆ. ಅದೇ ಕಾನೂನಿನ ಅಡಿಯಲ್ಲಿ ಪೋರ್ಟೊ, ಡೋರೊ ಎಂಬ ಎರಡೂ ಹೆಸರುಗಳು ಭಾರತದಲ್ಲಿ ನೋಂದಣಿಯಾಗಿವೆ. ಅಂದರೆ ಚೆನ್ನೈನ ಒಂದೇ ಕಚೇರಿಯ ಒಂದೇ ದಫ್ತರಿನಲ್ಲಿ ಅಸಲು ಹೆಸರೂ ಇದೆ, ನಕಲಿಗೆ ಹಣ್ಣು ಕೊಟ್ಟ ನೆಲದ ಹೆಸರೂ ಇದೆ. ನಕಲು ಎಂಬ ಮಾತನ್ನು ತುಸು ಅಳುಕಿನಿಂದಲೇ ಬಳಸಿದ್ದೇನೆ. ಗೋವಾದಲ್ಲಿ ಅದನ್ನು ಮಾಡಿದವರು ಯಾರನ್ನೂ ವಂಚಿಸಲು ಹೊರಟವರಲ್ಲ. ಅವರಿಗೆ ಗೊತ್ತಿದ್ದ ಸಿಹಿ ವೈನಿಗೆ ಇದ್ದ ಹೆಸರೇ ಅದು.

ಇನ್ನೊಂದು ಪ್ರಶ್ನೆ ಉಳಿಯಿತು. ಇಷ್ಟೆಲ್ಲ ಕಾಪಾಡಿದ ಹೆಸರಿನಿಂದ ಬೆಟ್ಟದ ಮೇಲಿನ ಬೆಳೆಗಾರನಿಗೆ ದಕ್ಕಿದ್ದೇನು? 1926ರ ಕಾನೂನಿನಂತೆ ಪೋರ್ಟ್ ವೈನೆಲ್ಲ ಗಾಯಾದ ಉಗ್ರಾಣಗಳ ಮೂಲಕವೇ ರಫ್ತಾಗಬೇಕಿತ್ತು. ಸಮುದ್ರದ ತಂಪಿನಲ್ಲಿ ವೈನ್ ನಿಧಾನ ಹದಗೊಳ್ಳುತ್ತದೆ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಅಲ್ಲಿ ಉಗ್ರಾಣ ಇಲ್ಲದ ಸಣ್ಣ ಬೆಳೆಗಾರ ತನ್ನ ಹೆಸರಿನಲ್ಲಿ ಒಂದು ಸೀಸೆಯನ್ನೂ ಹೊರದೇಶಕ್ಕೆ ಕಳಿಸಲಾಗದೆ ಅರವತ್ತು ವರ್ಷ ವರ್ತಕನಿಗೇ ಮಾರಿದ. ಆ ಕಟ್ಟು ಸಡಿಲವಾದದ್ದು 1986ರಲ್ಲಿ, ಪೋರ್ಚುಗಲ್ ಯುರೋಪಿಯನ್ ಸಮುದಾಯವನ್ನು ಸೇರಿದ ವರ್ಷ. ಈ ನಡುವೆ ಫೆರೇರಿನ್ಯಾಳ ಹೆಸರಿನ ಮನೆತನದಲ್ಲೇ ಫೆರ್ನಾಂಡೊ ನಿಕೊಲಾವ್ ಡಿ ಅಲ್ಮೈಡಾ ಎಂಬ ವೈನ್ ತಜ್ಞರು 1952ರಲ್ಲಿ ಬಾರ್ಕಾ ವೇಲ್ಯಾ ಎಂಬ ವೈನನ್ನು ಮಾಡಿದರು. ಬ್ರಾಂಡಿ ಇಲ್ಲ, ಸಿಹಿ ಇಲ್ಲ. ಫಾರೆಸ್ಟರ್ ಬೇಡಿಕೊಂಡದ್ದಕ್ಕೆ ಹತ್ತಿರವಾದದ್ದು. 1982ರಲ್ಲಿ ಇಂಥ ವೈನ್‌ಗಳಿಗೆ ಡೋರೊ ಎಂಬ ಹೆಸರಿನಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತು. ಕಣಿವೆಗೆ ತನ್ನ ಸ್ವಂತ ಹೆಸರು ಸೀಸೆಯ ಮೇಲೆ ಬರಲು ಪೊಂಬಾಲನ ಶಾಸನದಿಂದ ಎಣಿಸಿದರೆ 226 ವರ್ಷ ಬೇಕಾಯಿತು.

ಇಂದು ಡೋರೊದ ಒಬ್ಬ ರೈತನ ತೋಟಕ್ಕೆ ಇಳಿಜಾರು, ಎತ್ತರ, ಕಲ್ಲು, ಬಳ್ಳಿಯ ವಯಸ್ಸು ಮುಂತಾದವಕ್ಕೆ ಅಂಕ ಹಾಕಿ ದರ್ಜೆ ಕೊಡುತ್ತಾರೆ. ಆ ದರ್ಜೆಯ ಮೇಲೆ, ಈ ವರ್ಷ ಇಷ್ಟು ರಸವನ್ನು ಮಾತ್ರ ಪೋರ್ಟ್ ಆಗಿ ಮಾಡಬಹುದು ಎಂಬ ಪರವಾನಗಿ ಬರುತ್ತದೆ. ಬೆನೆಫೀಸಿಯೊ ಎಂದು ಅದಕ್ಕೆ ಹೆಸರು. ಪರವಾನಗಿಯ ಮಿತಿಯೊಳಗಿನ ದ್ರಾಕ್ಷಿಗೆ ಒಳ್ಳೆಯ ಬೆಲೆ. ಅದೇ ತೋಟದ, ಅದೇ ಬಳ್ಳಿಯ ಉಳಿದ ದ್ರಾಕ್ಷಿ ಡೋರೊ ವೈನಿಗೆ ಹೋಗುತ್ತದೆ, ಬಹಳ ಸಲ ಬೆಳೆದ ಖರ್ಚು ಕೂಡ ಹುಟ್ಟದ ಬೆಲೆಗೆ. ಕೊಯ್ಲಿನ ಮುಂಚೆ, ಬೇಸಗೆಯಲ್ಲಿ ಆ ವರ್ಷದ ಮಿತಿ ಪ್ರಕಟವಾಗುವ ದಿನಕ್ಕಾಗಿ ರೆಗುವಾದ ರೈತರು ಕಾಯುತ್ತಾರೆ.